ಚಿಕ್ಕಮಗಳೂರಿಗೊಂದು ಬಾವುಟ: ಮೂರನೇ ಸಲ ಬಿಚ್ಚಿದ್ದು

ಭಾನುವಾರ ರಾತ್ರಿ, ನಮ್ಮೂರಿಗೆಂದು ನಾನೇ ಹೊಲಿಯುತ್ತಿರುವ ಬಾವುಟದ ಹೊಲಿಗೆಯನ್ನು ಮತ್ತೆ ಬಿಚ್ಚಿದೆ. ಮೂರಡಿ ಉದ್ದ, ಎರಡಡಿ ಅಗಲ. ಮೇಲೆ ಕೆಂಪು, ಕೊಯ್ಲಿಗೆ ಬಂದ ಕಾಫಿ ಹಣ್ಣಿನದು. ಕೆಳಗೆ ತೋಟದ ಹಸಿರು. ಎರಡೂ ಸೇರುವ ಗೆರೆ ಚಂದ್ರದ್ರೋಣ ಬೆಟ್ಟಸಾಲಿನ ಹಾಗೆ ಬಾಗಿ ಏರುತ್ತದೆ, ಎತ್ತರದ ತುದಿ ಮುಳ್ಳಯ್ಯನಗಿರಿ. ಹಸಿರಿನ ಮೇಲೆ ಬಿಳಿ ಕಾಫಿ ಹೂವು.

ಹೊಯ್ಸಳ ಲಾಂಛನ ಹಾಕು ಅಂತ ಹೇಳಿದವರು ಬಹಳ ಜನ. ಹಕ್ಕೂ ಇದೆ, ಹೊಯ್ಸಳರ ಮೂಲನೆಲೆ ಸೊಸೆವೂರು ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ. ಬರೆದೂ ನೋಡಿದೆ. ಸಳನ ಕೈ, ಸಿಂಹದ ಕೇಸರ, ಉಗುರು ಎಲ್ಲ ಹತ್ತಿರದಿಂದ ಚೆಂದ, ರಸ್ತೆಯಿಂದ ನೋಡಿದರೆ ಬರೀ ಮುದ್ದೆ. ಮ. ರಾಮಮೂರ್ತಿಯವರ ಕನ್ನಡ ಬಾವುಟ ನೋಡಿ, ಅರಿಶಿನ ಕುಂಕುಮದ ಎರಡು ಪಟ್ಟಿ, ಅಷ್ಟೇ. ನವೆಂಬರ್ ಒಂದರ ಹಿಂದಿನ ರಾತ್ರಿ ಯಾರ ಮನೆಯಲ್ಲಾದರೂ ಹೊಲಿದುಕೊಳ್ಳಬಹುದು. ನನಗೂ ಅದೇ ಅಳತೆಗೋಲು. ಅದಲ್ಲದೆ, ಊರಿನ ಬಾವುಟದಲ್ಲಿ ಊರಿನ ತಾರಸಿಯಿಂದ ಕಾಣುವುದು ಇರಬೇಕು.

ಸೂಫಿ ಸಂತ ಬಾಬಾಬುಡನ್ ಹದಿನೇಳನೇ ಶತಮಾನದಲ್ಲಿ ಯೆಮನ್‌ನ ಮೋಕಾದಿಂದ ಏಳು ಕಾಫಿ ಬೀಜ ತಂದರೆಂಬ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಹೂವಿನ ಸುತ್ತ ಏಳು ಚುಕ್ಕಿ ಹೊಲಿದಿದ್ದೆ. ತಾರಸಿಗೆ ಕಟ್ಟಿ ಕೆಳಗಿಳಿದು ನೋಡಿದರೆ ಯಾರೋ ಅಕ್ಕಿ ಚೆಲ್ಲಿದ ಹಾಗಿತ್ತು. ಒಂದೊಂದಾಗಿ ಬಿಚ್ಚಿದೆ. ಬೆಟ್ಟದ ಗೆರೆ ಇದ್ದೇ ಇದೆಯಲ್ಲ, ಅವರ ಹೆಸರನ್ನು ಆ ಬೆಟ್ಟವೇ ಹೊತ್ತಿದೆ.

ಹೂವಿಗೆ ಮಾತ್ರ ಸಿಕ್ಕಾಪಟ್ಟೆ ಸಮಯ ಹಿಡಿಯಿತು. ಮೊದಲು ಅಂದಾಜಿನಲ್ಲಿ ಆರು ಎಸಳು ಕತ್ತರಿಸಿದ್ದೆ. ಅಪ್ಪ ನೋಡಿದವರೇ, “ಇದು ಯಾವ ಹೂವೋ? ಅರೇಬಿಕಾಗೆ ಐದೇ ಎಸಳು” ಅಂದರು. ಹೂಮಳೆ, ಅಂದರೆ ಕಾಫಿ ಹೂವನ್ನು ಅರಳಿಸುವ ಬೇಸಿಗೆ ಮಳೆ, ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಒಂದು ರೆಕ್ಕೆ (ಗಿಡದ ಸಣ್ಣ ರೆಂಬೆ) ಮುರಿದು ತಂದು ತಟ್ಟೆಯಲ್ಲಿಟ್ಟುಕೊಂಡು ಕೂತೆ. ಮಲ್ಲಿಗೆಯದೇ ಘಮ, ಆದರೆ ಎಸಳು ಸಪೂರ, ತುದಿ ಹಿಂದಕ್ಕೆ ಬಾಗಿರುತ್ತದೆ, ಎಸಳಿನ ನಡುವೆ ಸಾಕಷ್ಟು ಸಂದು. ಆ ಸಂದಿನಲ್ಲಿ ಹಸಿರು ಕಂಡರೇನೇ ಅದು ಕಾಫಿ ಹೂವು, ಇಲ್ಲದಿದ್ದರೆ ನಂದಿಬಟ್ಟಲು. ಹಳೇ ಕ್ಯಾಲೆಂಡರಿನ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡೆ. ಮೂರನೇ ದಿನಕ್ಕೆ ತಟ್ಟೆಯ ಹೂವು ಕಂದಿತು, ಅಷ್ಟರಲ್ಲಿ ಅಚ್ಚು ಸಿದ್ಧವಾಗಿತ್ತು.

ಎರಡನೇ ಸಲ ಬಿಚ್ಚಿದ್ದು ಬಣ್ಣದ ದೆಸೆಯಿಂದ. ಪಕ್ಕಾ ಬಣ್ಣ ಅಂತ ಕೊಟ್ಟ ಕೆಂಪು ಪಾಪ್ಲಿನ್ ಒಂದೇ ಮಳೆಗೆ ಇಳಿದು ಹೂವು ಗುಲಾಬಿಯಾಯಿತು. ಹೊಸ ಬಟ್ಟೆಯನ್ನು ನೀರು ತಿಳಿಯಾಗುವ ತನಕ ಒಗೆದು, ಒಣಗಿಸಿ, ಆಮೇಲೆ ಕತ್ತರಿ ಹಾಕಿದೆ. ಮಲೆನಾಡಿನ ಬಾವುಟ ಮಳೆಗೆ ಹೆದರಬಾರದು.

ಹಿಂಬದಿಯಿಂದ ಬೆಟ್ಟದ ಸಾಲು ತಿರುವುಮುರುವಾಗಿ ಕಾಣುತ್ತದಲ್ಲ ಅಂತ ಒಂದು ವಾರ ಕೊರಗಿದೆ. ಆಮೇಲೆ ಹೊಳೆಯಿತು: ಬೆಟ್ಟದ ಆಚೆ ಬದಿಯ ಲಿಂಗದಹಳ್ಳಿ ಕಡೆಯವರಿಗೆ ಈ ಬೆಟ್ಟ ಕಾಣುವುದೇ ತಿರುವುಮುರುವಾಗಿ. ಹಾಗೇ ಬಿಟ್ಟೆ.

ಈಗ ಮೂರನೇ ಸಲದ್ದು. ಗೆರೆಯ ಬಾಗು ನನ್ನ ಕೈಗೆ ಸರಿಯಾಗಿ ಬರದೆ ಹಿರೇಮಗಳೂರಿನ ಹೊಲಿಗೆ ಅಕ್ಕನ ಹತ್ತಿರ ಒಯ್ದಿದ್ದೆ. ಕೋದಂಡರಾಮನಿಗೆ ಕನ್ನಡದಲ್ಲೇ ಪೂಜೆ ನಡೆಯುವ ಊರಿನವರು, ಆ ಅಭಿಮಾನ ಅವರ ಮಾತಿನಲ್ಲೇ ಇರುತ್ತದೆ. ಬಟ್ಟೆ ಹರವಿ ನೋಡಿ ಕೇಳಿದರು: “ಹೂವು ಒಂದೇ ಯಾಕಪ್ಪ? ಸಖರಾಯಪಟ್ಟಣದ ದೊರೆ ಬಳುವಳಿ ಕೊಟ್ಟಿದ್ದು ಕಿರೀಮಗಳಿಗೆ ಮಾತ್ರವಾ?”

ನನಗೆ ಮಾತೇ ಹೊರಡಲಿಲ್ಲ. ದೊಡ್ಡ ಮಗಳಿಗೆ ಹಿರೇಮಗಳೂರು, ಚಿಕ್ಕ ಮಗಳಿಗೆ ಚಿಕ್ಕಮಗಳೂರು ಅಂತ ಸಣ್ಣವನಿದ್ದಾಗಿನಿಂದ ಕೇಳಿದ ಕಥೆ. ಇಷ್ಟು ತಿಂಗಳು ಊರಿನ ಹೆಸರನ್ನೇ ಹೊಲಿಯುತ್ತಾ ಅಕ್ಕನನ್ನು ಮರೆತಿದ್ದೆ. ಕಾಫಿ ರೆಕ್ಕೆಯಲ್ಲಾದರೂ ಒಂಟಿ ಹೂವು ಎಲ್ಲಿರುತ್ತದೆ?

ಹಾಗಾಗಿ ಹೂವು ಎರಡು, ಅಳತೆ ಒಂದೇ. ಹಿರಿಯಳು ಕೋಲಿನ ಹತ್ತಿರ, ಕಿರಿಯಳು ಪಕ್ಕದಲ್ಲಿ. ಉಳಿದ ಬಿಳಿ ಬಟ್ಟೆ ಎರಡು ಬದಿಗೂ ಸಾಲುತ್ತದೋ ಅಂತ ಅಚ್ಚಿಟ್ಟು ನೋಡಿದೆವು, ಬೆರಳಗಲ ಮಿಕ್ಕಿತು. ಹಿರಿಯಳ ಹೂವಿಗೆ ಕಚ್ಚಾ ಹೊಲಿಗೆಯನ್ನು ಹಿರೇಮಗಳೂರಿನ ಅಕ್ಕನೇ ಹಾಕಿಕೊಟ್ಟರು. ಮಿಷನ್ ಹೊಲಿಗೆ ಬರುವ ಭಾನುವಾರ.