ನುಕುಫೆಟಾವ್‌ನ ಒಂದು ಸೀಟು

2013ರ ಜೂನ್‌ನಲ್ಲಿ ನಾನೊಂದು ಕಂಟೇನರ್ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್ ಆಗಿದ್ದೆ. ಮಾಲೀಕರು ಜರ್ಮನಿಯವರು, ನೋಂದಣಿಯೂ ಹಿಂದೆ ಹಾರುವ ಬಾವುಟವೂ ಲೈಬೀರಿಯಾದ್ದು, ಡೆಕ್ಕಿನ ಆಳುಗಳಲ್ಲಿ ಆರು ಮಂದಿ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ತುವಾಲುವಿನವರು. ಡೆಕ್ಕಿನ ಆಳುಗಳ ಮುಖ್ಯಸ್ಥರಾದ ಬೋಸನ್ ನನಗಿಂತ ಹತ್ತು ವರ್ಷ ದೊಡ್ಡವರು, ಅಲ್ಲಿನ ನುಕುಫೆಟಾವ್ ದ್ವೀಪದವರು. ಬಂದರು ಹತ್ತಿರವಾಗಿ ಫೋನಿಗೆ ಸಿಗ್ನಲ್ ಬಂದ ಕೂಡಲೇ ಎಲ್ಲರಂತೆ ಅವರೂ ಮನೆಗೆ ಮಾತಾಡುತ್ತಿದ್ದರು. ಆದರೆ ಆ ತಿಂಗಳು ಮಕ್ಕಳ ವಿಚಾರ ಮುಗಿದ ಮೇಲೂ ಮಾತು ಮುಂದುವರಿಯುತ್ತಿತ್ತು. ಊರಲ್ಲಿ ಉಪಚುನಾವಣೆ. ಒಂದೇ ಒಂದು ಸೀಟು. ಅದರ ಮೇಲೆ ದೇಶದ ಸರ್ಕಾರ ನಿಂತಿತ್ತು.

ಕುಂದಾಪುರದ ಕಡೆಯಿಂದ ಹೋದ ನನಗೆ ಚುನಾವಣೆ ಹೊಸದಲ್ಲ. ಆದರೆ ಪಕ್ಷವೇ ಇಲ್ಲದ ಸಂಸತ್ತು ಹೊಸದು. ತುವಾಲುವಿನ ಜನಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು, ನೆಲ ಒಟ್ಟು 26 ಚದರ ಕಿಲೋಮೀಟರ್, ಅದೂ ಒಂಬತ್ತು ದ್ವೀಪಗಳಲ್ಲಿ ಹಂಚಿಹೋಗಿದೆ. ಈಗ ಸಂಸತ್ತಿನಲ್ಲಿ 16 ಜನ, ಎಂಟು ಕ್ಷೇತ್ರಗಳಿಂದ ಇಬ್ಬಿಬ್ಬರು. ನಾನು ಹೇಳುತ್ತಿರುವ ಕಾಲದಲ್ಲಿ 15. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ 400 ಜನಕ್ಕೊಬ್ಬ ಸದಸ್ಯ, ಪಕ್ಷದ ಚಿಹ್ನೆ ಇರುವುದಿಲ್ಲ. ಅಲ್ಲಿ ಸುಮಾರು 700 ಜನಕ್ಕೊಬ್ಬ ಸಂಸದ, ಪಕ್ಷದ ಹೆಸರೇ ಇಲ್ಲ. ಗೆದ್ದವರೆಲ್ಲ ರಾಜಧಾನಿ ಫುನಾಫುಟಿಗೆ ಬಂದು ಸೇರಿ, ತಮ್ಮತಮ್ಮಲ್ಲೇ ಮಾತಾಡಿಕೊಂಡು, ಗುಟ್ಟಿನ ಮತದಾನದಲ್ಲಿ ಒಬ್ಬರನ್ನು ಪ್ರಧಾನಿ ಮಾಡುತ್ತಾರೆ. ಮೇಲೆ ಬ್ರಿಟನ್ನಿನ ರಾಜಮನೆತನವೇ ರಾಷ್ಟ್ರದ ಮುಖ್ಯಸ್ಥ ಸ್ಥಾನದಲ್ಲಿದೆ. ಅದರ ಪರವಾಗಿ ಅಲ್ಲಿಯವರೇ ಒಬ್ಬ ಗವರ್ನರ್ ಜನರಲ್. ಗಣರಾಜ್ಯ ಆಗೋಣವೇ ಎಂದು 2008ರಲ್ಲಿ ಜನಮತ ಕೇಳಿದಾಗ, ಓಟು ಹಾಕಲು ಬಂದ ಸ್ವಲ್ಪವೇ ಜನರಲ್ಲಿ ಹೆಚ್ಚಿನವರು ಬೇಡ ಅಂದರು.

ಪಕ್ಷವಿಲ್ಲದ್ದು ಎಷ್ಟು ಚೆಂದ ಎಂದು ನಾನು ಬೋಸನ್‌ಗೆ ಹೇಳಿದ್ದು ನೆನಪಿದೆ. ಅವರು ಒಪ್ಪಲಿಲ್ಲ. "ಪಕ್ಷ ಇಲ್ಲದಿದ್ದರೆ ಹಗ್ಗವೂ ಇಲ್ಲ, ಸೆಕೆಂಡ್. ಇವತ್ತು ಈ ಕಡೆ ಕೂತವನು ನಾಳೆ ಎದ್ದು ಆ ಕಡೆ ಹೋದರೆ ಸರ್ಕಾರ ಬಿತ್ತು." 2010ರಲ್ಲಿ ಮಾತಿಯಾ ತೊಆಫಾ ಮೂರೇ ತಿಂಗಳು ಪ್ರಧಾನಿಯಾಗಿದ್ದು 8–7 ಮತಗಳ ಅವಿಶ್ವಾಸದಲ್ಲಿ ಇಳಿದಿದ್ದರು. ಅವರ ಜಾಗಕ್ಕೆ ಬಂದವರು ವಿಲ್ಲಿ ತೆಲಾವಿ. ಈ ತೆಲಾವಿಯವರ ಹಣಕಾಸು ಮಂತ್ರಿ, ನುಕುಫೆಟಾವ್‌ನ ಸಂಸದ ಲೊತೊಆಲಾ ಮೆತಿಯಾ, 2012ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎರಡೂ ಕಡೆ ಬಲ ಸಮ ಆಯಿತು.

ಪ್ರಧಾನಿ ಕೇಳಿಕೊಳ್ಳದೆ ಉಪಚುನಾವಣೆ ನಡೆಯುವ ಹಾಗಿರಲಿಲ್ಲ, ಇಷ್ಟು ದಿನದೊಳಗೆ ಕೇಳಲೇಬೇಕು ಅಂತಲೂ ಇರಲಿಲ್ಲ. ತೆಲಾವಿ ಕೇಳಲಿಲ್ಲ. ತಿಂಗಳುಗಳು ಕಳೆದವು. ಕೊನೆಗೆ ಹೈಕೋರ್ಟ್ ಆದೇಶ ಕೊಟ್ಟ ಮೇಲೆ ಜೂನ್ 28ಕ್ಕೆ ಚುನಾವಣೆ ನಡೆದು, ವಿರೋಧದ ಕಡೆಯವರು ಗೆದ್ದರು. ಬೋಸನ್ ಹಡಗಿನಲ್ಲಿದ್ದರು, ಓಟು ಹಾಕಲಾಗಲಿಲ್ಲ. ಬಂದರಿನಲ್ಲಿ ಸುದ್ದಿ ಸಿಕ್ಕಿದಾಗ ಮೆಸ್ ರೂಮಿನಲ್ಲಿ ಆರೂ ಮಂದಿ ಹಾಡಿದರು. ಯಾರಿಗಾಗಿ ಹಾಡಿದರೋ ನಾನು ಕೇಳಲಿಲ್ಲ. ಆ ಆರು ಜನರಲ್ಲೂ ಎರಡು ಕಡೆಯವರಿದ್ದರು.

ಆಮೇಲೆ ನಡೆದದ್ದನ್ನು ನಾನೂ ಬಂದರಿನಿಂದ ಬಂದರಿಗೆ ಓದುತ್ತಾ ಹೋದೆ. ಒಬ್ಬ ಮಂತ್ರಿ ಸಂಸತ್ತಿಗೇ ರಾಜೀನಾಮೆ ಕೊಟ್ಟರು. ಆ ಸೀಟಿನ ಉಪಚುನಾವಣೆ ಮುಗಿಯುವವರೆಗೆ ಸಂಸತ್ತು ಕರೆಯಬಾರದು ಎಂದರು ತೆಲಾವಿ. ಗವರ್ನರ್ ಜನರಲ್ ಇಯಾಕೊಬಾ ಇತಾಲೆಲಿ ಸಂಸತ್ತು ಕರೆದರು. ಸ್ಪೀಕರ್ ಅವಿಶ್ವಾಸದ ನಿರ್ಣಯಕ್ಕೆ ಜಾಗ ಕೊಡಲಿಲ್ಲ. ಗವರ್ನರ್ ಜನರಲ್‌ರನ್ನೇ ತೆಗೆಯಿರಿ ಎಂದು ಪ್ರಧಾನಿ ರಾಣಿಗೆ ಬರೆದರು. ಆಗಸ್ಟ್ 1ರಂದು ಗವರ್ನರ್ ಜನರಲ್ ಪ್ರಧಾನಿಯನ್ನೇ ವಜಾ ಮಾಡಿದರು. ಮೂರು ದಿನದ ನಂತರ ಎನೆಲೆ ಸೊಪೊಆಗಾ 8–5 ಮತಗಳಲ್ಲಿ ಪ್ರಧಾನಿಯಾದರು. ಇಷ್ಟೆಲ್ಲ ಆದರೂ ಒಂದು ಗುಂಡು ಹಾರಲಿಲ್ಲ. ಹಾರಿಸಲು ಸೈನ್ಯವೂ ಇಲ್ಲ. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ದೇಶದಲ್ಲೂ ಬರೆದಿಟ್ಟ ಕಾನೂನು, ಬರೆದ ದಿನಾಂಕ, ಅದನ್ನು ಓದಿ ಹೇಳುವ ಕೋರ್ಟು ಬೇಕೇ ಬೇಕು ಎಂದು ನನಗೆ ಅನಿಸಿದ್ದು ಆಗಲೇ. ಬಾಂಧವ್ಯ ಒಂದೇ ಸಾಲುವುದಿಲ್ಲ.

ಆದರೆ ಬೋಸನ್‌ಗೆ ಸರ್ಕಾರ ಎಂದರೆ ಮೊದಲು ಫುನಾಫುಟಿ ಅಲ್ಲ, ಊರಿನ ಫಲೇಕೌಪುಲೆ. ಪ್ರತಿ ದ್ವೀಪದ ಹಿರಿಯರ ಸಭೆ ಅದು. ಸುತ್ತ ತೆರೆದ ದೊಡ್ಡ ಚಾವಡಿ, ನೆಲಕ್ಕೆ ಚಾಪೆ, ಕಂಬಕ್ಕೆ ಬೆನ್ನು ಕೊಟ್ಟು ಹಿರಿಯರು. ಕಾಲು ಚಾಚುವ ಹಾಗಿಲ್ಲ, ದನಿ ಏರಿಸುವ ಹಾಗಿಲ್ಲ. 1997ರ ಕಾಯ್ದೆ ಈ ಸಭೆಗೆ ಕಾನೂನಿನ ಬಲ ಕೊಟ್ಟಿತು. ಸಭೆ ತೀರ್ಮಾನಿಸಿದ್ದನ್ನು ಮಾಡಿಸಲು ಕೌಪುಲೆ ಎಂಬ ಚುನಾಯಿತ ಮಂಡಳಿ. ಮೀನು ಹಿಡಿಯುವ ಜಾಗ, ನೀರಿನ ತೊಟ್ಟಿ, ಹಂದಿಗಳನ್ನು ಎಲ್ಲಿ ಕಟ್ಟಬೇಕು, ಎಲ್ಲ ಅಲ್ಲೇ.

ಅದನ್ನೂ ಪೂರ್ತಿ ಹೊಗಳಲಾರೆ. ನನುಮಗಾ ದ್ವೀಪದ ಸಭೆ 2003ರಲ್ಲಿ ಹೊಸ ಚರ್ಚೊಂದನ್ನು ಊರಿಗೆ ಬೇಡ ಎಂದು ತಡೆಯಿತು. ಪ್ರಕರಣ ಕೋರ್ಟಿಗೆ ಹೋಗಿ, ಹೈಕೋರ್ಟ್ ಸಭೆಯ ಪರ ನಿಂತಿತು, 2009ರಲ್ಲಿ ಮೇಲ್ಮನವಿ ಕೋರ್ಟು ಅದು ಧರ್ಮಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು. ಊರೊಟ್ಟಿನ ಮಾತು ಒಬ್ಬನ ಕುತ್ತಿಗೆಗೆ ಹೇಗೆ ಬರುತ್ತದೆಂದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೆಂಗಸರ ವಿಚಾರವೂ ಹಾಗೆಯೇ: ಸ್ವಾತಂತ್ರ್ಯ ಬಂದ 1978ರಿಂದ 2024ರ ಚುನಾವಣೆಯವರೆಗೆ ಸಂಸತ್ತಿಗೆ ಗೆದ್ದು ಹೋದ ಹೆಂಗಸರು ಮೂರೇ ಜನ. ಇದು ನನಗೆ ನೋವಿನ ಸಂಗತಿ.

ಈ ದೇಶ ಹುಟ್ಟಿದ ಬಗೆ ನಾವಿಕರಿಗೆ ಮರೆಯುವಂಥದ್ದಲ್ಲ. ಗಿಲ್ಬರ್ಟ್ ದ್ವೀಪಗಳ (ಇಂದಿನ ಕಿರಿಬಾಸ್) ಜೊತೆ ಬ್ರಿಟನ್ನಿನ ಒಂದೇ ವಸಾಹತಾಗಿದ್ದವರು 1974ರ ಜನಮತದಲ್ಲಿ 3,799ಕ್ಕೆ 293ರಂತೆ ಬೇರೆಯಾಗಲು ನಿರ್ಧರಿಸಿದರು. ವಸಾಹತಿನ ಫಾಸ್ಫೇಟ್ ಗಣಿಯ ಹಣದಲ್ಲಿ ಪಾಲಿಲ್ಲ ಎಂದು ಮೊದಲೇ ಹೇಳಲಾಗಿತ್ತು. ಪಾಲಿಗೆ ಬಂದದ್ದು ಒಂದು ಹಡಗು. ಮನೆ ಪಾಲಾದಾಗ ಒಂದು ದೋಣಿ ಹಿಡಿದು ಹೊರಬಂದ ತಮ್ಮನ ಹಾಗೆ.

ಇಂದಿಗೂ ಅಲ್ಲಿ ಪ್ರಜಾಪ್ರಭುತ್ವ ದೋಣಿ ಹತ್ತಿಯೇ ಬರಬೇಕು. 2024ರ ಜನವರಿ 26ರಂದು ಚುನಾವಣೆ ಮುಗಿದು, ಪ್ರಧಾನಿ ಕೌಸಿಯಾ ನತಾನೊ ತಮ್ಮ ಸೀಟನ್ನೇ ಕಳೆದುಕೊಂಡರು. ಹೊಸ ಪ್ರಧಾನಿಯ ಆಯ್ಕೆ ತಡವಾಯಿತು: ಸಮುದ್ರ ಕೆಟ್ಟು, ಹೊರದ್ವೀಪಗಳ ಸಂಸದರು ರಾಜಧಾನಿ ಮುಟ್ಟಲಾಗಲಿಲ್ಲ. ಫೆಬ್ರವರಿ 26ಕ್ಕೆ ಫೆಲೆತಿ ತೆಒ ಅವಿರೋಧವಾಗಿ ಆಯ್ಕೆಯಾದರು.

ಅದೇ ಸಮುದ್ರ ಈಗ ನೆಲವನ್ನೂ ಕೇಳುತ್ತಿದೆ. 2023ರ ಅಕ್ಟೋಬರ್ 1ರಿಂದ ಜಾರಿಯಾದ ಹೊಸ ಸಂವಿಧಾನದಲ್ಲಿ, ಹವಾಮಾನ ಬದಲಾಗಿ ನೆಲ ಹೋದರೂ ತುವಾಲು ರಾಷ್ಟ್ರ ಶಾಶ್ವತವಾಗಿ ಉಳಿಯುತ್ತದೆ ಎಂದು ಬರೆದುಕೊಂಡಿದ್ದಾರೆ. ಅದೇ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದ. ನೆರೆಯವರನ್ನು ನಮ್ಮವರಂತೆ ನೋಡಿಕೊಳ್ಳುವುದು ಎಂಬ ಅರ್ಥದ ಮಾತದು. ತುವಾಲುವಿನ 280 ಮಂದಿ ವರ್ಷಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು, ಯಾರೆಂದು ಚೀಟಿ ಎತ್ತಿ ಆರಿಸುತ್ತಾರೆ; ಆದರೆ ರಕ್ಷಣೆಯ ವಿಚಾರದಲ್ಲಿ ಬೇರೆ ದೇಶದೊಂದಿಗೆ ಕೈಜೋಡಿಸಲು ಆಸ್ಟ್ರೇಲಿಯಾದ ಒಪ್ಪಿಗೆ ಬೇಕು. ಈ ಕರಾರಿನ ಬಗ್ಗೆ ತುವಾಲುವಿನಲ್ಲಿ ಜಗಳವೇ ಆಯಿತು. 2025ರ ಮೊದಲ ಚೀಟಿ ಎತ್ತುವಿಕೆಗೆ ಮನೆಯವರ ಸಮೇತ ಎಂಟು ಸಾವಿರಕ್ಕೂ ಹೆಚ್ಚು ಜನರ ಹೆಸರು ಬಂತು.

ಕಾಲಡಿ ನೆಲವಿಲ್ಲದೆ ದೇಶ ಇರಬಹುದೇ? ಲೈಬೀರಿಯಾದ ಮಣ್ಣು ತುಳಿಯದೆ ಅದರ ಕಾನೂನಿನಡಿ ವರ್ಷಗಟ್ಟಲೆ ಬದುಕಿದವನು ನಾನು. ಬಾವುಟ, ಕಾಗದ, ಮೊಹರು ನೀರಿನ ಮೇಲೆ ಇರುತ್ತವೆ, ಅದು ನನಗೆ ಗೊತ್ತು. ಆದರೆ ಚಾಪೆ ಹಾಸಿದ ಆ ಚಾವಡಿ ಬ್ರಿಸ್ಬೇನಿನ ಬಾಡಿಗೆ ಮನೆಯಲ್ಲಿ ಇರುವುದು ಹೇಗೆ ಎಂದು ಎಷ್ಟು ಯೋಚಿಸಿದರೂ ನನಗೆ ಕಾಣುತ್ತಿಲ್ಲ.

ಬೋಸನ್ ಈಗ ಊರಲ್ಲಿದ್ದಾರೆ. ಚೀಟಿಗೆ ಹೆಸರು ಕೊಟ್ಟಿರಾ ಎಂದು ಹೋದ ವರ್ಷ ಬರೆದು ಕೇಳಿದ್ದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: "ಮಕ್ಕಳಿಬ್ಬರೂ ಕೊಟ್ಟಿದ್ದಾರೆ. ನಾನು ಕೊಟ್ಟಿಲ್ಲ, ಸೆಕೆಂಡ್. ಸಭೆಯಲ್ಲಿ ನಮ್ಮ ಮನೆಯ ಕಂಬ ಖಾಲಿ ಬೀಳುತ್ತದೆ."