ನಿಂತಾಗ ಹಿಡಿಯಬೇಕಾದ ನಾಡಿ

ಯುಗಾದಿಯ ಬೆಳಿಗ್ಗೆ ದಾವಣಗೆರೆಯ ವಿನೋಬನಗರದ ಮನೆಯೊಂದರ ಬಚ್ಚಲಲ್ಲಿ ಚೊಂಬು ಬಿದ್ದ ಸದ್ದಾಯಿತು. ಮೈಗೆ ಎಣ್ಣೆ ಹಚ್ಚಿ ಹಂಡೆಯ ಸುಡುನೀರು ಹುಯ್ದುಕೊಳ್ಳುತ್ತಿದ್ದ ಸೊಸೆ ಗೋಡೆ ಹಿಡಿದು ಹಾಗೇ ಕುಸಿದಿದ್ದಳು. ಪ್ರಜ್ಞೆ ತಪ್ಪಿರಲಿಲ್ಲ. ಕಣ್ಣಿಗೆ ಕತ್ತಲೆ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಎದೆ ಡಬಡಬ. ಅತ್ತೆ ಎತ್ತಿ ತಂದು ಮಲಗಿಸಿ, ಪಕ್ಕದ ಮನೆಯಿಂದ ಬಿಪಿ ಮಷೀನು ತರಿಸಿದರು. 112/72. ನಾಡಿ 76. "ಎಲ್ಲಾ ಸರಿ ಐತಲ್ಲವ್ವ, ಖಾಲಿ ಹೊಟ್ಯಾಗೆ ಇದ್ದಿ, ಅದಕ್ಕೆ ಹಿಂಗಾಗೇತಿ" ಅಂದರು.

ಎಡವಟ್ಟಾಗಿದ್ದು ಅಲ್ಲೇ. ಮಷೀನು ಸುಳ್ಳು ಹೇಳಿರಲಿಲ್ಲ, ಮಲಗಿದ್ದವಳ ಲೆಕ್ಕವನ್ನು ಸರಿಯಾಗಿಯೇ ಕೊಟ್ಟಿತ್ತು. ತೊಂದರೆ ಇದ್ದದ್ದು ನಿಂತಾಗ.

ಭಾದ್ರಪದದಲ್ಲಿ ಬಂದ ವೈರಲ್ ಜ್ವರ ವಾರದಲ್ಲಿ ಬಿಟ್ಟಿತ್ತು, ಸುಸ್ತು ಮಾತ್ರ ಏಳು ತಿಂಗಳಾದರೂ ಬಿಟ್ಟಿರಲಿಲ್ಲ. ಎಂಟು ತಾಸು ಮಲಗಿದರೂ ಮಲಗಿಯೇ ಇಲ್ಲವೇನೋ ಎಂಬಂತೆ ಏಳುವುದು, ಕುಕ್ಕರ್ ಸೀಟಿಗೆ ಬೆಚ್ಚಿಬೀಳುವುದು, ಹೇಳುತ್ತಿದ್ದ ಮಾತು ನಡುವೆಯೇ ಮರೆತುಹೋಗುವುದು, ರಾತ್ರಿ ಅಂಗಾಲು ಉರಿ. ರಕ್ತ, ಥೈರಾಯ್ಡ್, ಬಿ12, ಸಕ್ಕರೆ, ಇಸಿಜಿ ಎಲ್ಲವೂ ನಾರ್ಮಲ್. ಅಂಗಾಲು ಉರಿಗೆಂದು ಮಾಡಿಸಿದ ನರದ ಕರೆಂಟ್ ಪರೀಕ್ಷೆಯೂ ನಾರ್ಮಲ್. ಆ ಪರೀಕ್ಷೆಗೆ ಸಿಗುವುದು ದಪ್ಪ ನರಗಳು. ಉರಿ, ಬೆವರು, ರಕ್ತನಾಳದ ಬಿಗಿತ ನೋಡಿಕೊಳ್ಳುವ ಸಣ್ಣ ಎಳೆಗಳು ಅದರ ಕಣ್ಣಿಗೇ ಬೀಳುವುದಿಲ್ಲ. ಅವುಗಳನ್ನು ನೋಡಲು ಕಾಲಿನ ಚರ್ಮದ ಚಿಕ್ಕ ತುಣುಕು ತೆಗೆದು ಎಣಿಸಬೇಕು, ಅದು ಎಲ್ಲ ಊರಲ್ಲೂ ಆಗುವ ಕೆಲಸವಲ್ಲ. ರಿಪೋರ್ಟ್ ಫೈಲು ದಪ್ಪವಾದಷ್ಟೂ "ಮನಸ್ಸಿಗೆ ಹಚ್ಚಿಕೊಂಡಾಳೆ" ಎಂಬ ಮಾತು ಗಟ್ಟಿಯಾಗುತ್ತಾ ಹೋಗಿತ್ತು.

ಬಚ್ಚಲಲ್ಲಿ ಆದದ್ದಿಷ್ಟು. ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳಿಗೆ ಇಳಿಯುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮಿದುಳು ಕಾಲಿನ ನಾಳಗಳನ್ನು ಬಿಗಿ ಮಾಡಿಸುತ್ತದೆ, ರಕ್ತ ಮೇಲಕ್ಕೆ ಬರುತ್ತದೆ. ಇದನ್ನೆಲ್ಲ ನಡೆಸುವುದು ನಮ್ಮ ಅಂಕೆಗೆ ಸಿಗದ ಸ್ವಾಯತ್ತ ನರಮಂಡಲ. ವೈರಲ್ ಜ್ವರದ ನಂತರ ಕೆಲವರಲ್ಲಿ ಇದರ ಹದ ತಪ್ಪುತ್ತದೆ. ನಾಳ ಬಿಗಿಯಾಗದಿದ್ದರೆ ಆ ಕೊರತೆಯನ್ನು ಹೃದಯ ಓಡಿ ತುಂಬಿಸಬೇಕು. ಅದರ ಮೇಲೆ ಸುಡುನೀರು ಬಿದ್ದರೆ ಚರ್ಮದ ನಾಳಗಳೂ ಹಿಗ್ಗುತ್ತವೆ. ನಿಂತ ಭಂಗಿ, ಬಿಸಿ, ಖಾಲಿ ಹೊಟ್ಟೆ, ರಾತ್ರಿಯಿಡೀ ನೀರು ಕುಡಿಯದ ಮೈ: ಚೈತ್ರದ ದಾವಣಗೆರೆಯಲ್ಲಿ ನಾಲ್ಕೂ ಕೂಡಿದವು.

ಅಂದು ಅವಳು ಮಲಗಲಿಲ್ಲ. ಹಬ್ಬದ ದಿನ ಸೊಸೆ ಮಲಗುವುದುಂಟೇ. ಹೂರಣ ರುಬ್ಬಿದಳು, ಒಲೆ ಮುಂದೆ ನಿಂತು ಹೋಳಿಗೆ ಬೇಯಿಸಿದಳು, ಮರುದಿನ ಸಂಜೆ ಮಾಳಿಗೆ ಹತ್ತಿ ಚಂದ್ರನನ್ನೂ ನೋಡಿದಳು. ಮೂರನೇ ದಿನ ಹಾಸಿಗೆಯಿಂದ ತಲೆ ಎತ್ತಲಾಗಲಿಲ್ಲ. ಗಂಟಲು ನೋವು, ಮೈಯೆಲ್ಲ ಜಜ್ಜಿದಂತೆ, ಬೆಳಕು ಕಂಡರಾಗದು. ಎಂಇ-ಸಿಎಫ್ಎಸ್ ಅನ್ನುವ ಬಹುದಿನದ ಸುಸ್ತಿನ ಕಾಯಿಲೆಯ ಗುರುತೇ ಇದು. ದಣಿದ ದಿನ ಬೀಳುವುದಿಲ್ಲ, ಹಲವರಲ್ಲಿ 12ರಿಂದ 48 ತಾಸು ಬಿಟ್ಟು ಬೀಳುತ್ತಾರೆ. ಅದಕ್ಕೇ ಮನೆಯವರಿಗೆ ಕಾರಣ ಹೊಳೆಯುವುದಿಲ್ಲ. "ನಿನ್ನೆ ಚಲೋ ಇದ್ಲಲ್ಲ" ಎಂಬ ಮಾತು ಇಂಥ ಎಲ್ಲ ಮನೆಯಲ್ಲೂ ಕೇಳಿಬರುತ್ತದೆ.

ಒಂಬತ್ತನೇ ದಿನ, ಸ್ವಲ್ಪ ಸುಧಾರಿಸಿದ ಮೇಲೆ, ಬೆಳಿಗ್ಗೆ ಏಳೂವರೆಗೆ ನಿಲ್ಲಿಸಿ ಅಳೆದದ್ದಾಯಿತು. ಕಾಫಿ ಕುಡಿದಿರಬಾರದು, ಹೊಟ್ಟೆ ತುಂಬಿರಬಾರದು, ಒಬ್ಬರೇ ಇರಬಾರದು. ಮೊದಲು 10 ನಿಮಿಷ ಮಾತಿಲ್ಲದೆ ಮಲಗುವುದು: ನಾಡಿ 72, ಬಿಪಿ 110/72. ಆಮೇಲೆ ಎದ್ದು, ಹಿಮ್ಮಡಿ ಗೋಡೆಯಿಂದ ಆರು ಇಂಚು ಮುಂದಿಟ್ಟು, ಭುಜದ ಹಿಂಭಾಗವನ್ನಷ್ಟೇ ಗೋಡೆಗೆ ಆನಿಸಿ 10 ನಿಮಿಷ ನಿಲ್ಲುವುದು. ಪ್ರತಿ ನಿಮಿಷಕ್ಕೂ ನಾಡಿ, ಬಿಪಿ ಬರೆದುಕೊಳ್ಳುವುದು. ಒಂದನೇ ನಿಮಿಷ 94, ಮೂರಕ್ಕೆ 104, ಐದಕ್ಕೆ 112, ಎಂಟಕ್ಕೆ 118. ಬಿಪಿ 106/80, ಅಂದರೆ ಬಿದ್ದಿಲ್ಲ. ಪಾದ ಕಪ್ಪಿಟ್ಟಿತ್ತು. "ಇನ್ನ ನಿಂದ್ರಾಕಾಗಲ್ಲಕ್ಕ" ಅಂದಳು, ಅಲ್ಲಿಗೇ ನಿಲ್ಲಿಸಿ ಮಲಗಿಸಿದ್ದಾಯಿತು. ಹತ್ತು ನಿಮಿಷ ಮುಗಿಸಲೇಬೇಕೆಂಬ ಹಟ ಇಲ್ಲಿ ಸಲ್ಲದು.

ದೊಡ್ಡವರಲ್ಲಿ ನಿಂತ 10 ನಿಮಿಷದೊಳಗೆ ನಾಡಿ 30 ಅಥವಾ ಹೆಚ್ಚು ಏರಿ ಇಳಿಯದೆ ನಿಂತರೆ, ಬಿಪಿ 20/10ರಷ್ಟು ಬೀಳದಿದ್ದರೆ, ಮೂರು ತಿಂಗಳಿಂದ ಈ ತ್ರಾಸು ಇದ್ದರೆ, ಬೇರೆ ಕಾರಣವೂ ಸಿಗದಿದ್ದರೆ, ವೈದ್ಯರು ಅದನ್ನು ಪಾಟ್ಸ್ (POTS) ಅನ್ನುತ್ತಾರೆ. ಎಂಇ-ಸಿಎಫ್ಎಸ್ ಇದ್ದ ಹಲವರಲ್ಲಿ ಇದೂ ಜೊತೆಗಿರುತ್ತದೆ. 12ರಿಂದ 19ರ ಮಕ್ಕಳಿಗೆ 40 ಏರಬೇಕು. ಈ ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಕಾಲಿನಿಂದ. ನಿಂತವರು ಗೊತ್ತಿಲ್ಲದೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತಾರೆ, ಮೀನಖಂಡ ಪಂಪಿನಂತೆ ರಕ್ತ ಮೇಲೆತ್ತುತ್ತದೆ, ಲೆಕ್ಕ ಚೆಂದ ಬರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಹಬ್ಬದ ಮೆಹಂದಿ ಇದ್ದರೆ ತಪ್ಪು ತೋರಿಸಬಹುದು. ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುವುದೇ ಮೇಲು.

ಆ ಹಾಳೆ ಹಿಡಿದು ಹೋದಾಗ ವೈದ್ಯರು ಮಾತಾಡಿದ ರೀತಿಯೇ ಬೇರೆ. ಈ ಎಂಇ-ಸಿಎಫ್ಎಸ್ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲೇ ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಏರಿಸುತ್ತಾ ಹೋಗಿ ಎಂಬ ಹಳೆಯ ಸಲಹೆಯನ್ನು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಇನ್ನೂ "ಬೆಳಿಗ್ಗೆದ್ದು ವಾಕಿಂಗ್ ಮಾಡಮ್ಮ" ಎಂಬುದೇ ನಡೆದಿದೆ. ಇಂಥವರಿಗೆ ಅದಕ್ಕಿಂತ ಕೆಟ್ಟ ಸಲಹೆ ಹುಡುಕುವುದು ಕಷ್ಟ.

ಉಳಿದವು ಮನೆಯ ಕೆಲಸ. ಹಾಸಿಗೆ ಬಿಡುವ ಮೊದಲೇ ಎರಡು ದೊಡ್ಡ ಲೋಟ, ಅಂದರೆ ಅರ್ಧ ಲೀಟರ್ ನೀರು. ದಿನಕ್ಕೆ ಎರಡರಿಂದ ಮೂರು ಲೀಟರ್. ಓಆರ್‌ಎಸ್ ಆದರೆ ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು, ಲೋಟಕ್ಕೆ ಅರ್ಧ ಪೊಟ್ಟಣ ಸುರಿಯಬಾರದು. ಉಪ್ಪು ಬೇರೆಯವರಿಗೆ 5 ಗ್ರಾಂ ಮೀರಬೇಡಿ ಎನ್ನುವ ವೈದ್ಯರೇ ಇವರಿಗೆ 10 ಗ್ರಾಂವರೆಗೆ ಹೇಳುವುದುಂಟು. ಬಿಪಿ ಹೆಚ್ಚಿದ್ದವರು, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು ಕೇಳದೆ ಮುಟ್ಟಬಾರದು. ಬಿಗಿ ಕಾಲುಚೀಲ ಸೊಂಟದವರೆಗೆ ಬಂದರೇ ಉಪಯೋಗ, ಮೊಣಕಾಲಿನದು ಅಷ್ಟು ಸಾಲದು, ಏಕೆಂದರೆ ಹೆಚ್ಚಿನ ರಕ್ತ ನಿಲ್ಲುವುದು ಹೊಟ್ಟೆಯಲ್ಲಿ. ದಾವಣಗೆರೆಯ ಬಿಸಿಲಿಗೆ ಇಡೀ ದಿನ ಹಾಕುವುದಾಗದು, ನಿಂತು ಮಾಡುವ ಕೆಲಸದ ಎರಡು ತಾಸು ಸಾಕು. ಊಟ ಒಮ್ಮೆಲೇ ಹೊಟ್ಟೆಬಿರಿಯೆ ಬೇಡ. ಮೂರು ಬೆಣ್ಣೆದೋಸೆ ತಿಂದು ಎದ್ದರೆ ರಕ್ತವೆಲ್ಲ ಜೀರ್ಣಕ್ಕೆ ಹೋಗಿ ಮತ್ತೆ ಅದೇ ಗತಿ. ಒಂದು ತಿಂದು, ಎರಡು ತಾಸಿಗೆ ಒಂದು ಹಿಡಿ ಮಂಡಕ್ಕಿ.

ಹಳೆಯ ಅಡುಗೆಮನೆ ಇಂಥವರಿಗೆ ಒಳ್ಳೆಯದಿತ್ತು ಅನಿಸುತ್ತದೆ. ಈಳಿಗೆಮಣೆ ಮುಂದೆ ಕೂತವರಿಗೆ ಕಟ್ಟೆ ಮುಂದೆ ನಿಲ್ಲುವ ಕೆಲಸವಿರಲಿಲ್ಲ. ಆದರೆ ಕುಕ್ಕರಗಾಲಿನಿಂದ ಥಟ್ಟನೆ ಏಳುವುದೇ ಅಪಾಯ, ಮಡಚಿದ ಕಾಲು ಮೇಲಕ್ಕೆ ಒತ್ತಿಟ್ಟ ರಕ್ತ ಎದ್ದ ಕ್ಷಣ ಕೆಳಗಿಳಿಯುತ್ತದೆ. ಮೊದಲು ಸ್ಟೂಲಿಗೆ, ಅಲ್ಲಿ ಹತ್ತು ಸಲ ಮುಷ್ಟಿ ಬಿಗಿದು ಬಿಟ್ಟು, ಆಮೇಲೆ ನಿಲ್ಲಬೇಕು.

ಬಚ್ಚಲಲ್ಲೂ ಈಗ ಒಂದು ಪ್ಲಾಸ್ಟಿಕ್ ಸ್ಟೂಲ್ ಇದೆ. ನೀರು ಉಗುರುಬೆಚ್ಚಗೆ, ಕೊನೆಯ ಎರಡು ಚೊಂಬು ತಣ್ಣೀರು ಕಾಲಿಗೆ. ಬಾಗಿಲ ಚಿಲಕ ಹಾಕುವುದಿಲ್ಲ. ಮೊದಲ ವಾರ ಸೀಗೆಕಾಯಿ ಲೋಳೆಗೆ ಸ್ಟೂಲೇ ಜಾರಿತು. ಅತ್ತೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ನಾಲ್ಕೂ ಕಾಲಿಗೆ ಸುತ್ತಿದರು.