ಕೋಳಿಗೂಡು: ಮುಚ್ಚಳಕ್ಕೆ ಹಗ್ಗ ಕಟ್ಟಿದ ವರ್ಷ

ಮೇ ಕೊನೆ, ಸಾಗರ

ಗೂಡು ಕಟ್ಟಿ ಎಂಟು ತಿಂಗಳಾಯಿತು. 6 ಹೇಂಟೆ, 1 ಹುಂಜ, ಎಲ್ಲ ನಾಟಿ. ಈ ಸಲ ಕೋಳಿಗಿಂತ ಕಣಜದ ಹುಳುಗಳ ಬಗ್ಗೆಯೇ ಜಾಸ್ತಿ ಬರೆಯಬೇಕು.

ಸೋಮವಾರ ಬೆಳಿಗ್ಗೆ ಮೊಟ್ಟೆ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಬೆರಳು ಒಳಮೈಗೆ ತಾಗಿದ್ದೇ ತಡ, ಮೂರು ಕಡೆ ಚುಚ್ಚಿದವು. ಮಧ್ಯಾಹ್ನದ ಹೊತ್ತಿಗೆ ಕೈ ಮಣಿಕಟ್ಟಿನವರೆಗೆ ಬಾತುಕೊಂಡಿತ್ತು. ದಿನಾ ಮೊಟ್ಟೆ ತೆಗೆಯುವವಳು ನನ್ನ ಆರು ವರ್ಷದ ಮಗಳು. ಅವತ್ತು ಅವಳಿಗೆ ಜ್ವರ, ಅದಕ್ಕೇ ನಾನು ಹೋಗಿದ್ದು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕೋಳಿಗಳಿಗೆ ಮೊದಲೇ ಗೊತ್ತಿತ್ತು. ನಾಲ್ಕು ದಿನದಿಂದ ಹೇಂಟೆಗಳು ಆ ಪೆಟ್ಟಿಗೆ ಬಿಟ್ಟು ಹುಲ್ಲಿನ ಬಣವೆಯ ಹಿಂದೆ ಮೊಟ್ಟೆ ಇಡುತ್ತಿದ್ದವು. ಕಾವಿಗೆ ಜಾಗ ಹುಡುಕುತ್ತಿವೆ ಅಂದುಕೊಂಡೆ. ಹೇಂಟೆ ಜಾಗ ಬದಲಿಸಿದರೆ ಮೊದಲು ಹಳೆ ಜಾಗ ನೋಡಬೇಕು. ಹಾವು, ಇರುವೆ, ಕಣಜ, ಯಾವುದಾದರೂ ಇರಬಹುದು.

ಸಂಜೆ ದೂರದಿಂದ ಟಾರ್ಚ್ ಬಿಟ್ಟು ನೋಡಿದೆ. ಅಂಗೈ ಅಗಲದ ಬೂದು ಕಾಗದದ ಹಲ್ಲೆ, ಅಂದರೆ ಕಣಜದ ಗೂಡು, ಒಂದೇ ತೊಟ್ಟಿನಲ್ಲಿ ನೇತಾಡುತ್ತಿತ್ತು. ಕೋಣೆಗಳಿಗೆ ಹೊದಿಕೆ ಇಲ್ಲ, ಒಳಗಿನ ಮರಿಹುಳುಗಳು ಕಾಣುತ್ತಿದ್ದವು. ಹನ್ನೆರಡು ಕಣಜ, ಎಲ್ಲವೂ ರೆಕ್ಕೆ ಎತ್ತಿ ನನ್ನ ಕಡೆ ತಿರುಗಿದ್ದವು. ಮರದ ನಾರು ಕೆರೆದು, ಜೊಲ್ಲಿನಲ್ಲಿ ಅಗಿದು ಮಾಡುವ ಕಾಗದ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಇಂಥ ಕಾಗದದ ಕಣಜಗಳನ್ನೇ ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ತರಕಾರಿ ಗಿಡದ ಕಂಬಳಿಹುಳು ಹಿಡಿದು ಮರಿಗಳಿಗೆ ತಿನ್ನಿಸುವ ಹುಳುಗಳಿವು. ಬೇಲಿಯಲ್ಲಿದ್ದಿದ್ದರೆ ಮುಟ್ಟುತ್ತಿರಲಿಲ್ಲ.

ಜೂನ್ ಮೊದಲ ವಾರ

ಕತ್ತಲಾದ ಮೇಲೆ ದಪ್ಪ ಬಟ್ಟೆ, ಕೈಗವಸು ಹಾಕಿಕೊಂಡು, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹೋದೆ. ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣುವುದಿಲ್ಲ. ಸೋಪಿನ ನೀರು ಸಿಂಪಡಿಸಿ, ಎಲ್ಲ ಬಿದ್ದ ಮೇಲೆ ಹಲ್ಲೆ ಕಿತ್ತೆ. ಕೀಟನಾಶಕ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಸತ್ತ ಹುಳುಗಳನ್ನು ಬೆಳಿಗ್ಗೆ ಕೋಳಿಗಳೇ ಹೆಕ್ಕಿ ತಿನ್ನುತ್ತವೆ ಅಲ್ವಾ? ಇದು ಇಷ್ಟು ಚಿಕ್ಕ ಗೂಡಿಗೆ ಮಾತ್ರ. ಪೊಟರೆಯಲ್ಲೋ ನೆಲದಲ್ಲೋ ಇರುವ ದೊಡ್ಡ ಕಣಜದ ಗೂಡಿಗೆ ನಾನು ಕೈ ಹಾಕುವುದಿಲ್ಲ. ನೀವೂ ಹಾಕಬೇಡಿ.

ಮುಚ್ಚಳಕ್ಕೆ ಆರು ಅಡಿ ಹಗ್ಗ ಕಟ್ಟಿದೆ. ದೂರ ನಿಂತು ಎಳೆದು, ಹತ್ತು ಎಣಿಸಿ, ಏನೂ ಹಾರದಿದ್ದರೆ ಮಾತ್ರ ಹತ್ತಿರ ಹೋಗುವುದು. ಭಾನುವಾರ ತಗಡಿನ ಅಡಿ, ಮೂಲೆ, ಎಲ್ಲ ನೋಡುತ್ತೇನೆ. ಕಣಜದ ಗೂಡು ಅಂಗಿಯ ಗುಂಡಿಯಷ್ಟಿರುವಾಗಲೇ ಸಿಕ್ಕರೆ ಉದ್ದ ಕೋಲಿನಲ್ಲಿ ಮುಗಿಯುತ್ತದೆ.

ಜುಲೈ

ಹಲಸಿನ ಸಿಪ್ಪೆಯನ್ನು ಕೋಳಿಗಳಿಗೆ ಹಾಕಿ ಹಾಗೇ ಬಿಡುತ್ತಿದ್ದೆವು. ಹುಳಿ ಬಂದ ವಾಸನೆಗೆ ದೊಡ್ಡ ಕಣಜ ಬರುತ್ತವೆ. ಈಗ ಬೆಳಿಗ್ಗೆ ಹಾಕಿ, ಹತ್ತು ಗಂಟೆಗೆ ಗುಡಿಸಿ ಗೊಬ್ಬರಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತೇವೆ. ಎರಡೇ ವಾರಕ್ಕೆ ವ್ಯತ್ಯಾಸ ಕಾಣಿಸಿತು. ಇರುವೆಗೆ ಗೂಡಿನ ನಾಲ್ಕೂ ಕಾಲಿನ ಕೆಳಗೆ ನೀರು ತುಂಬಿದ ಡಬ್ಬ ಇಟ್ಟಿದ್ದೇನೆ. ಮೊಟ್ಟೆಯೊಡೆದು ಬರುವ ಮರಿಗಳನ್ನು ಅವು ಮುತ್ತಿದರೆ ಉಳಿಸುವುದು ಕಷ್ಟ.

ನವೆಂಬರ್

ಹಿತ್ತಲಾಚೆಯ ದೊಡ್ಡ ಮರಕ್ಕೆ ಹೆಜ್ಜೇನು ಬಂದು ಕೂತಿದೆ. ಓಡಿಸುವ ಯೋಚನೆ ಇಲ್ಲ. ಆ ಕಡೆ ಬೆಂಕಿ, ಹೊಗೆ, ಕಲ್ಲು ಯಾವುದೂ ಬೇಡ ಅಂತ ಕೆಲಸಕ್ಕೆ ಬರುವವರಿಗೂ ಹೇಳಿದ್ದೇನೆ. ಆದರೆ ಜೇನುಗಿಡುಗ ಬಂದು ಹಲ್ಲೆಗೆ ಬಡಿದರೆ ಯಾರ ಕೈಯಲ್ಲೂ ಇಲ್ಲ. ಜೇನೆದ್ದಾಗ ಜಾಲರಿಯೊಳಗೆ ಸಿಕ್ಕಿಬಿದ್ದ ಕೋಳಿಗೆ ಓಡಲು ದಾರಿಯಿಲ್ಲ. ಹಾಗಾಗಿ ಗೂಡಿನ ಬಾಗಿಲಿಗೂ ಹಗ್ಗ ಕಟ್ಟಿ ಅಡುಗೆಮನೆಯ ಕಿಟಕಿವರೆಗೆ ಎಳೆದಿದ್ದೇನೆ. ಕಿಟಕಿಯಿಂದ ಎಳೆದರೆ ತೆರೆಯುತ್ತದೆ, ಕೋಳಿಗಳು ಪೊದೆ ಸೇರಬಹುದು. ನಾವು ಒಳಗೇ ಇದ್ದು ಕಿಟಕಿ ಮುಚ್ಚುತ್ತೇವೆ.

ಜೇನು ಚುಚ್ಚಿದರೆ ಮುಳ್ಳು ಚರ್ಮದಲ್ಲೇ ಉಳಿದು ವಿಷ ಇಳಿಸುತ್ತಾ ಇರುತ್ತದೆ. ಉಗುರಿನಿಂದ ತಕ್ಷಣ ಕೆರೆದು ತೆಗೆಯಬೇಕು. ಕಣಜ ಮುಳ್ಳು ಬಿಡುವುದಿಲ್ಲ, ಅದಕ್ಕೇ ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು. ತುಟಿ, ಗಂಟಲು ಬಾತರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಸುಣ್ಣ ಹಚ್ಚುತ್ತಾ ಕೂರಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ. ನಮ್ಮನೆ ಫ್ರಿಜ್ ಮೇಲೆ ಆ ನಂಬರನ್ನು ಮಗಳೇ ದೊಡ್ಡದಾಗಿ ಬರೆದು ಅಂಟಿಸಿದ್ದಾಳೆ.

ಇವತ್ತು ಬೆಳಿಗ್ಗೆ ಅವಳು ಹಗ್ಗ ಎಳೆದು, ಜೋರಾಗಿ ಹತ್ತು ಎಣಿಸಿ, 4 ಮೊಟ್ಟೆ ತಂದಳು. ಬಣವೆಯ ಹಿಂದೆ ಈಗ ಯಾರೂ ಇಡುತ್ತಿಲ್ಲ.